ಫೈಬರ್ ತುದಿ ಮತ್ತು ಬಯಲುಸೀಮೆಯ ಧೂಳು: ನಕ್ಷತ್ರದ ರೋಹಿತ ತೆಗೆಯುವ ಮುನ್ನ ಮಾಡಬೇಕಾದ ಸಿದ್ಧತೆ

ಟೆಲಿಸ್ಕೋಪಿನಿಂದ ಸ್ಪೆಕ್ಟ್ರೋಗ್ರಾಫಿಗೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತ ತೆಗೆಯುವ ಪೆಟ್ಟಿಗೆಗೆ, ಬೆಳಕು ಒಯ್ಯುವ ಗಾಜಿನೆಳೆ, ಫೈಬರ್, ಹತ್ತು ಹದಿನೈದು ಮೀಟರ್ ಉದ್ದ ಇದ್ದರೂ ಅದು ಕೈಕೊಡುವುದು ಬಹುತೇಕ ತುದಿಯಲ್ಲೇ. ಬೆಳಕು ಒಳಹೋಗುವ ಬಾಗಿಲು 50 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ಅಗಲದ ಗಾಜಿನ ಚುಕ್ಕೆ. ಒಂದು ರಾಗಿಕಾಳಿನ ಅಗಲದಲ್ಲಿ ಅಂಥ ಮೂವತ್ತು ಚುಕ್ಕೆಗಳು ಸಾಲಾಗಿ ಕೂರಬಹುದು. ಅದರ ಮೇಲೆ ಒಂದು ಧೂಳಿನ ಕಣ ಕೂತರೆ ಅರ್ಧ ನಕ್ಷತ್ರವೇ ಹೋಯಿತು.

ನಮ್ಮ ಭಾಗದಲ್ಲಿ ಆಕಾಶ ತಿಳಿಯಾಗುವುದು ನವೆಂಬರಿನಿಂದ ಮಾರ್ಚ್‌ವರೆಗೆ. ಧೂಳು ಏಳುವುದೂ ಆಗಲೇ. ದಾವಣಗೆರೆ ಸುತ್ತ ಮೆಕ್ಕೆಜೋಳದ ಒಕ್ಕಣೆ, ರೈಸ್‌ಮಿಲ್ಲಿನ ಹೊಟ್ಟು, ಮಂಡಕ್ಕಿ ಭಟ್ಟಿಗಳ ಬೂದಿ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಕ್ರಷರ್ ಪುಡಿ ಮತ್ತು ಅದಿರು ಲಾರಿಗಳ ಕೆಂಧೂಳು. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾ, ಫೈಬರ್ ಮಾಡಿರುವುದೂ ಸಿಲಿಕಾದಿಂದಲೇ. ಆ ಬೂದಿ ಕೂತ ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ. ಆದ್ದರಿಂದ ಈ ಬರಹದ ಉದ್ದಕ್ಕೂ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇವೆ: ತುದಿ ನೋಡುವ, ತೊಳೆಯುವ ಕೆಲಸವೆಲ್ಲ ಹಗಲು, ಮುಚ್ಚಿದ ಕೋಣೆಯಲ್ಲಿ, ಮೇಜಿನ ಮೇಲೆ. ರಾತ್ರಿ ಬಯಲಿನಲ್ಲಿ ತುದಿ ಬಿಚ್ಚುವ ಪ್ರಮೇಯವೇ ಬರಬಾರದು.

ಇಷ್ಟು ರಗಳೆ ಇದ್ದರೆ ಫೈಬರ್ ಯಾಕೆ ಬೇಕು ಅಂದರೆ, ಸ್ಪೆಕ್ಟ್ರೋಗ್ರಾಫ್ ಭಾರದ ಸಾಮಾನು. ಟೆಲಿಸ್ಕೋಪಿನ ಬೆನ್ನಿಗೆ ಕಟ್ಟಿದರೆ ಅದು ವಾಲಿದಂತೆಲ್ಲ ಒಳಗಿನ ಕನ್ನಡಿ, ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೆರೆಫಲಕ) ಕೂದಲೆಳೆಯಷ್ಟು ಬಾಗುತ್ತವೆ, ರೋಹಿತದ ಗೆರೆಗಳು ಜಾರುತ್ತವೆ. ಫೈಬರ್ ಇದ್ದರೆ ಪೆಟ್ಟಿಗೆಯನ್ನು ನೆಲದ ಮೇಲೆ ಅಲುಗದಂತೆ, ಒಂದೇ ಉಷ್ಣತೆಯಲ್ಲಿ ಇಡಬಹುದು. ಕವಲೂರಿನ 2.34 ಮೀಟರ್ ವೇಣು ಬಪ್ಪು ಟೆಲಿಸ್ಕೋಪಿನ ಎಶೆಲ್ ಸ್ಪೆಕ್ಟ್ರೋಗ್ರಾಫ್, ಹಾನ್ಲೆಯ 2 ಮೀಟರ್ ಟೆಲಿಸ್ಕೋಪಿನ ಹೆಸ್ಪ್, ಮೌಂಟ್ ಅಬುವಿನ ಪಾರಸ್, ಈ ಮೂರು ಸ್ಪೆಕ್ಟ್ರೋಗ್ರಾಫಿಗೂ ಬೆಳಕು ಹೋಗುವುದು ಫೈಬರಿನಲ್ಲೇ. ಕಾಲೇಜಿನ 8 ಇಂಚಿನ ಟೆಲಿಸ್ಕೋಪಿಗೂ ಲೆಕ್ಕ ಅದೇ.

ಯಾವ ಫೈಬರ್

ಮೊದಲು ಒಂದು ತಪ್ಪು ದಾರಿ ಮುಚ್ಚಿಬಿಡೋಣ. ಮನೆಗೆ ಇಂಟರ್‌ನೆಟ್ ತರುವ ಹಳದಿ ಪ್ಯಾಚ್‌ಕಾರ್ಡ್, ತುದಿಯಲ್ಲಿ ನೀಲಿ ಅಥವಾ ಹಸಿರು ಚೌಕ ಕನೆಕ್ಟರ್ ಇರುತ್ತದಲ್ಲ, ಅದು ಈ ಕೆಲಸಕ್ಕೆ ಬಾರದು. ಅದು ಸಿಂಗಲ್ ಮೋಡ್, ಅಂದರೆ ಬೆಳಕಿಗೆ ಒಂದೇ ದಾರಿ ಇರುವ ಬಗೆ; ಬೆಳಕು ಸಾಗುವ ನಡುವಿನ ತಿರುಳು ಸುಮಾರು 9 ಮೈಕ್ರಾನ್. ಹಸಿರು ಕನೆಕ್ಟರಿನ ತುದಿಯನ್ನಂತೂ 8 ಡಿಗ್ರಿ ಓರೆಯಾಗಿ ಕಡೆದಿರುತ್ತಾರೆ. 1000 ಮಿ.ಮೀ. ನಾಭಿದೂರದ ಟೆಲಿಸ್ಕೋಪಿನ ಬಿಂಬದಲ್ಲಿ 1 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು) ಅಂದರೆ 4.85 ಮೈಕ್ರಾನ್. ಬಯಲುನಾಡಿನ ಗಾಳಿಯಲ್ಲಿ ನಕ್ಷತ್ರದ ಬಿಂಬ ಸಾಮಾನ್ಯವಾಗಿ 2ರಿಂದ 4 ಆರ್ಕ್‌ಸೆಕೆಂಡ್ ಹರಡಿರುತ್ತದೆ, ಅಂದರೆ 10ರಿಂದ 20 ಮೈಕ್ರಾನ್. 9 ಮೈಕ್ರಾನ್ ತೂತಿಗೆ ಅದನ್ನು ತುರುಕಲು ಆಗದು.

ಬೇಕಾದದ್ದು ಮಲ್ಟಿಮೋಡ್ (ಬೆಳಕಿಗೆ ಹಲವು ದಾರಿ ಇರುವ), ಸ್ಟೆಪ್ ಇಂಡೆಕ್ಸ್ (ತಿರುಳಿನ ಗಾಜು ಅಂಚಿನವರೆಗೂ ಒಂದೇ ಥರ ಇರುವ), ಸಿಲಿಕಾ ತಿರುಳಿನ ಫೈಬರ್, ಎನ್‌ಎ (ಬೆಳಕು ಹಿಡಿಯುವ ಕೋನದ ಅಳತೆ) 0.22. ಆಫೀಸು ನೆಟ್‌ವರ್ಕಿನಲ್ಲಿ ಬಳಸುವ ಕಿತ್ತಳೆ ಬಣ್ಣದ 50/125 ಕೇಬಲ್ಲೂ ಮಲ್ಟಿಮೋಡೇ, ಆದರೆ ಗ್ರೇಡೆಡ್ ಇಂಡೆಕ್ಸ್, ಅಂದರೆ ತಿರುಳಿನ ಗಾಜಿನ ಗುಣ ನಡುವಿನಿಂದ ಅಂಚಿಗೆ ಬದಲಾಗುತ್ತಾ ಹೋಗುವ ಬಗೆ. ತಿರುಳಿನ ಅಂಚಿಗೆ ಹೋದಂತೆ ಅದು ಬೆಳಕು ಹಿಡಿಯುವ ಕೋನ ಕಿರಿದಾಗುತ್ತದೆ, ಅಂಚಿನಲ್ಲಿ ಬಿದ್ದ ಬೆಳಕು ಸೋರುತ್ತದೆ. ಮೇಜಿನ ಮೇಲಿನ ಅಭ್ಯಾಸಕ್ಕೆ ಸಾಕು, ನಕ್ಷತ್ರಕ್ಕೆ ಬೇಡ. ತರಿಸುವಾಗ ನೀಲಿಯ ಕಡೆ ಕೆಲಸವಿದ್ದರೆ ಹೈ-ಓಎಚ್ (ಗಾಜಿನಲ್ಲಿ ಓಎಚ್ ಅಂಶ ಹೆಚ್ಚಿರುವುದು), ಕೆಂಪು ಮತ್ತು ಅವಕೆಂಪಿನ ಕಡೆ ಇದ್ದರೆ ಲೋ-ಓಎಚ್ ಎಂದು ಬರೆದು ಕೇಳಿ.

ಅಗಲ ಎಷ್ಟು? 206265ನ್ನು ಮಿ.ಮೀ. ಲೆಕ್ಕದ ನಾಭಿದೂರದಿಂದ ಭಾಗಿಸಿದರೆ ಒಂದು ಮಿ.ಮೀ.ಗೆ ಎಷ್ಟು ಆರ್ಕ್‌ಸೆಕೆಂಡ್ ಎಂದು ಬರುತ್ತದೆ. 8 ಇಂಚಿನ ಎಫ್/5ಕ್ಕೆ (ನಾಭಿದೂರ ಅಗಲದ ಐದು ಪಟ್ಟು), ಅಂದರೆ ಸುಮಾರು 1000 ಮಿ.ಮೀ.ಗೆ, 50 ಮೈಕ್ರಾನ್ ಫೈಬರ್ ಆಕಾಶದಲ್ಲಿ 10.3 ಆರ್ಕ್‌ಸೆಕೆಂಡ್ ಹಿಡಿಯುತ್ತದೆ. ಬಿಂಬ ಆರಾಮವಾಗಿ ಕೂತು ಗೈಡಿಂಗ್ (ನಕ್ಷತ್ರವನ್ನು ಬೆನ್ನಟ್ಟಿ ಜಾಗದಲ್ಲೇ ಇಡುವ ಕೆಲಸ) ತಪ್ಪಿಗೂ ಜಾಗ ಉಳಿಯುತ್ತದೆ. ಅದೇ 8 ಇಂಚಿನ ಎಫ್/10ರಲ್ಲಿ, 2032 ಮಿ.ಮೀ., ಅದೇ ಫೈಬರ್ ಹಿಡಿಯುವುದು 5 ಆರ್ಕ್‌ಸೆಕೆಂಡ್ ಮಾತ್ರ. ಹಾಗಂತ 105 ಅಥವಾ 200 ಮೈಕ್ರಾನಿಗೆ ಹಾರಬೇಡಿ. ಫೈಬರ್ ಅಗಲವಾದಷ್ಟೂ ಗೆರೆಗಳು ದಪ್ಪವಾಗುತ್ತವೆ, ಊರಿನ ಬೀದಿದೀಪದ ಬೆಳಕೂ ಜೊತೆಗೆ ಬರುತ್ತದೆ. ಎಫ್/10 ಇದ್ದವರು ಫೋಕಲ್ ರೆಡ್ಯೂಸರ್ (ನಾಭಿದೂರ ಕಡಿಮೆ ಮಾಡುವ ಲೆನ್ಸ್) ಹಾಕಿ ಎಫ್/6ರ ಆಸುಪಾಸಿಗೆ ತರುವುದು ಒಳ್ಳೆಯದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಫೈಬರ್ ತಾನು ಪಡೆದ ಬೆಳಕಿನ ಶಂಕುವನ್ನು ಹಾಗೇ ಹೊರಬಿಡುವುದಿಲ್ಲ, ಸ್ವಲ್ಪ ಅಗಲಿಸಿ ಬಿಡುತ್ತದೆ. ಎಫ್/10ರ ಸಪೂರ ಶಂಕು ಕೊಟ್ಟರೆ ಹೊರಬರುವುದು ಎಷ್ಟೋ ಅಗಲದ ಶಂಕು. ಎಫ್/4, ಎಫ್/5 ಕೊಟ್ಟರೆ ವ್ಯತ್ಯಾಸ ಕಡಿಮೆ. 0.22 ಎನ್‌ಎ ಫೈಬರ್ ಹಿಡಿಯಬಲ್ಲ ಮಿತಿ ಸುಮಾರು ಎಫ್/2.3. ಎಫ್/4ರಿಂದ ಎಫ್/6ರ ನಡುವೆ ಕೊಟ್ಟು, ಸ್ಪೆಕ್ಟ್ರೋಗ್ರಾಫಿನ ಕಾಲಿಮೇಟರ್ (ಫೈಬರಿನಿಂದ ಹರಡಿ ಬಂದ ಬೆಳಕನ್ನು ಸಮಾನಾಂತರ ಮಾಡುವ ಲೆನ್ಸ್ ಅಥವಾ ಕನ್ನಡಿ) ಅದಕ್ಕಿಂತ ತುಸು ಅಗಲದ ಶಂಕುವನ್ನು ನುಂಗುವಂತಿದ್ದರೆ ನಷ್ಟ ಕಡಿಮೆ. ತುದಿಯನ್ನು ಬಿಗಿಯಾಗಿ ಹಿಂಡಿದರೂ, ಕೇಬಲ್ಲನ್ನು ಕಿರಿದಾಗಿ ಬಗ್ಗಿಸಿದರೂ ಈ ಹರಡುವಿಕೆ ಹೆಚ್ಚುತ್ತದೆ. ಮುಂದೆ ಹೇಳುವ ಎಷ್ಟೋ ಎಚ್ಚರಿಕೆಗಳ ಮೂಲ ಇಲ್ಲಿದೆ.

ಕೈ ಹಾಕುವ ಮುನ್ನ: ಕಣ್ಣು, ಚರ್ಮ, ಕರೆಂಟು

ಫೈಬರಿನ ಒಂದು ತುದಿ ಎಲ್ಲಿಗೆ ಸಿಕ್ಕಿಸಿದೆ ಎಂದು ಕಣ್ಣಾರೆ ನೋಡದೆ ಇನ್ನೊಂದು ತುದಿಯನ್ನು ಕಣ್ಣಿನ ಮುಂದೆ ಹಿಡಿಯಬೇಡಿ. ಮೈಕ್ರೋಸ್ಕೋಪಿನಲ್ಲಂತೂ ಸುತರಾಂ ಬೇಡ, ಅದು ಬೆಳಕನ್ನೆಲ್ಲ ಒಟ್ಟುಮಾಡಿ ಕಣ್ಣಿಗೇ ಸುರಿಯುತ್ತದೆ. ಕೇಬಲ್ ಕೆಲಸದವರು ಬಳಸುವ ಪೆನ್ನಿನಾಕಾರದ ಕೆಂಪು ಲೇಸರ್ 650 ನ್ಯಾನೋಮೀಟರಿನದು; 1 ಮಿಲಿವ್ಯಾಟಿನದೂ ಸಿಗುತ್ತದೆ, 30 ಮಿಲಿವ್ಯಾಟಿನದೂ ಸಿಗುತ್ತದೆ, ನೋಡಲು ಎರಡೂ ಒಂದೇ ಥರ. ಫೈಬರ್ ಎಲ್ಲಿ ಮುರಿದಿದೆ ಎಂದು ಹುಡುಕಲು 1 ಮಿಲಿವ್ಯಾಟಿನದು ಧಾರಾಳ ಸಾಕು. ಇನ್ನೊಂದು ತುದಿಯನ್ನು ಬಿಳಿ ಕಾಗದದ ಕಡೆ ತಿರುಗಿಸಿಟ್ಟು ಕಾಗದವನ್ನು ನೋಡಿ, ತುದಿಯನ್ನಲ್ಲ. ಟೆಲಿಸ್ಕೋಪಿಗೆ ಕೂಡಿಸಿದ ಮೇಲೆ ಹಿಂದಿನಿಂದ ಬೆಳಕು ಬಿಡಬೇಕಾದರೆ ಲೇಸರ್ ಬದಿಗಿಟ್ಟು ಕೆಂಪು ಎಲ್‌ಇಡಿ ಬಳಸಿ. ಐಪೀಸಿನಲ್ಲಿ ಯಾರಾದರೂ ಕಣ್ಣಿಟ್ಟಿದ್ದರೂ ಅನಾಹುತ ಆಗದು.

ಹಗಲು ಟೆಲಿಸ್ಕೋಪನ್ನು ತಿರುಗಿಸಿ ಕೇಬಲ್ ಎಳೆತ ನೋಡುವಾಗ ಮುಂದಿನ ಮುಚ್ಚಳ ಹಾಕಿಯೇ ಇರಬೇಕು, ಫೈಂಡರಿನ ಮುಚ್ಚಳವೂ. ಬಿಸಿಲು ಒಂದು ಕ್ಷಣ ಕೊಳವೆಯೊಳಗೆ ಹೊಕ್ಕರೂ ಫೈಬರ್ ಹೆಡ್ (ಟೆಲಿಸ್ಕೋಪಿನ ಹಿಂದೆ ಫೈಬರ್ ತುದಿಯನ್ನು ಹಿಡಿದಿರುವ ಭಾಗ) ಕರಗುತ್ತದೆ. ಕಣ್ಣಿಟ್ಟಿದ್ದರೆ ಕಣ್ಣೇ ಹೋಗುತ್ತದೆ.

ಮುರಿದ ಫೈಬರ್ ಚೂರು ಬೇರೆಯದೇ ಅಪಾಯ. ಹೊದಿಕೆ ಸುಲಿದ ಎಳೆ 125 ಮೈಕ್ರಾನ್ ದಪ್ಪ, ಹೆಚ್ಚುಕಡಿಮೆ ಕೂದಲಿನಷ್ಟು, ಪಾರದರ್ಶಕ, ತುದಿ ಸೂಜಿ. ಚರ್ಮಕ್ಕೆ ಚುಚ್ಚಿ ಒಳಗೇ ಮುರಿಯುತ್ತದೆ. ಬರಿ ಎಳೆಯ ಕೆಲಸ ಇದ್ದರೆ ಮೇಜಿನ ಮೇಲೆ ಕಪ್ಪು ಹಾಳೆ ಹಾಸಿ, ಪಕ್ಕ ಮುಚ್ಚಿದ ಕನ್ನಡಕ ಹಾಕಿ, ಕತ್ತರಿಸಿದ ಚೂರುಗಳನ್ನು ಬೆರಳಲ್ಲಿ ಎತ್ತದೆ ಅಂಟುಪಟ್ಟಿಗೆ ಅಂಟಿಸಿ ತಿರುಗಣೆ ಮುಚ್ಚಳದ ಬಾಟಲಿಗೆ ಹಾಕಿ. ಎಷ್ಟು ಕತ್ತರಿಸಿದಿರೋ ಅಷ್ಟು ಚೂರು ಬಾಟಲಿಯಲ್ಲಿರಬೇಕು, ಎಣಿಸಿ. ಆ ಮೇಜಿನಲ್ಲಿ ಚಹಾ, ಮಂಡಕ್ಕಿ ಯಾವುದೂ ಬೇಡ. ಕಣ್ಣಿಗೆ ಚೂರು ಹೋಯಿತೆನಿಸಿದರೆ ಉಜ್ಜದೆ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಮ್ಮನ್ನು ಕೇಳಿದರೆ, ಹೊಸಬರು ಕತ್ತರಿಸಿ ಪಾಲಿಶ್ ಮಾಡುವ ಉಸಾಬರಿಗೇ ಹೋಗಬಾರದು. ಎರಡೂ ತುದಿಗೆ ಕನೆಕ್ಟರ್ ಕೂಡಿಸಿ, ಪಾಲಿಶ್ ಮಾಡಿ, 3 ಮಿ.ಮೀ. ಹೊದಿಕೆಯೊಳಗೆ ಬರುವ ತಯಾರಿ ಕೇಬಲ್ಲನ್ನೇ ತರಿಸಿ.

ರೋಹಿತಕ್ಕೆ ಅಳತೆಗೋಲಾಗಿ ತರಂಗಾಂತರ ಹೊಂದಿಸುವ ದೀಪಗಳಲ್ಲಿ ಥೋರಿಯಂ-ಆರ್ಗಾನ್ ದೀಪಕ್ಕೆ ನೂರಾರು ವೋಲ್ಟ್ ಬೇಕು. ಅದನ್ನು ಕಂಪನಿ ಪೆಟ್ಟಿಗೆಯೊಳಗೆ ಇದ್ದ ಹಾಗೆಯೇ ಬಳಸಬೇಕು, ಬಿಚ್ಚಬಾರದು. ಹವ್ಯಾಸಿಗಳಲ್ಲಿ ಕೆಲವರು ಟ್ಯೂಬ್‌ಲೈಟ್ ಸ್ಟಾರ್ಟರಿನ ಗಾಜುಗುಳ್ಳೆಯನ್ನೇ ದೀಪ ಮಾಡಿಕೊಳ್ಳುತ್ತಾರೆ. ಉಪಾಯ ಚೆನ್ನಾಗಿದೆ, ಆದರೆ ಅದು 230 ವೋಲ್ಟಿನ ನೇರ ಲೈನು. ಇಬ್ಬನಿ ಬಿದ್ದ ಹೊಲದಲ್ಲಿ ಜನರೇಟರ್ ವೈರಿಗೆ ಅದನ್ನು ಕಟ್ಟುವ ಕೆಲಸ ಬೇಡ. ಹಳೆಯ ಸಿಎಫ್‌ಎಲ್ ಬಲ್ಬನ್ನು ಮನೆಯಲ್ಲೇ ಹಚ್ಚಿ ಫೈಬರಿಗೆ ತೋರಿಸಿದರೆ ಪಾದರಸದ 435.8, 546.1, 577.0, 579.1 ನ್ಯಾನೋಮೀಟರ್ ಗೆರೆಗಳು ಸಿಗುತ್ತವೆ. ಕೆಂಪಿನ ಕಡೆಗೆ ನಿಯಾನ್ ದೀಪದ 585.2, 614.3, 640.2, 650.7. ಬಯಲಿನಲ್ಲಿ ಕೆಲಸವೆಲ್ಲ 12 ವೋಲ್ಟ್ ಬ್ಯಾಟರಿಯಲ್ಲಿ ಮುಗಿಯಲಿ.

ತುದಿ ತೊಳೆಯುವುದು

ಬೇಕಾದ ಸಾಮಾನು: 99 ಶೇಕಡಾ ಅಥವಾ ಅದಕ್ಕಿಂತ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಲೆನ್ಸ್ ಒರೆಸುವ ಹಾಳೆ, ಎಫ್‌ಸಿ ಕನೆಕ್ಟರಿಗೆ ಹೊಂದುವ 2.5 ಮಿ.ಮೀ. ಕ್ಲಿಕ್ ಪೆನ್ (ಒತ್ತಿದರೆ ತುದಿ ಒರೆಸುವ ಪೆನ್ನಿನಾಕಾರದ ಸಾಧನ), ಅಡಾಪ್ಟರಿನ (ಕನೆಕ್ಟರ್ ಸಿಕ್ಕಿಸುವ ಗೂಡು) ಒಳಗೆ ಹೋಗುವ 2.5 ಮಿ.ಮೀ. ಕ್ಲೀನಿಂಗ್ ಕಡ್ಡಿ, ಪುಡಿರಹಿತ ನೈಟ್ರೈಲ್ ಕೈಗವಸು, 200 ಪಟ್ಟು ಹಿಗ್ಗಿಸುವ ಫೈಬರ್ ಮೈಕ್ರೋಸ್ಕೋಪ್.

ಆಲ್ಕೋಹಾಲ್ ವಿಷಯದಲ್ಲಿ ರಾಜಿ ಬೇಡ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರಿನ ಪಾಲು ಹೆಚ್ಚು, ಆರಿದ ಮೇಲೆ ಉಂಗುರದಂಥ ಕಲೆ ಉಳಿಯುತ್ತದೆ. ಸ್ಯಾನಿಟೈಸರ್ ಇನ್ನೂ ಕೆಟ್ಟದು, ಕೈ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ತುದಿಯ ಮೇಲೆ ಅದರ ಪೊರೆ ಕೂತರೆ ಧೂಳನ್ನು ಅಂಟಿಸಿಕೊಳ್ಳುತ್ತದೆ. ಶುದ್ಧ ಐಸೊಪ್ರೊಪೈಲ್ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ನಮ್ಮ ಊರುಗಳಲ್ಲಿ ಚಳಿಗಾಲದ ಮಧ್ಯಾಹ್ನವೂ ಅದಕ್ಕಿಂತ ಬಿಸಿ. ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಸ್ಟೌ ಯಾವುದೂ ಉರಿಯುತ್ತಿರಬಾರದು. ಸೊಳ್ಳೆಬತ್ತಿಯ ಹೊಗೆ ಲೆನ್ಸಿನ ಮೇಲೂ ತುದಿಯ ಮೇಲೂ ಕಂದು ಪೊರೆ ಕಟ್ಟುತ್ತದೆ, ಬೆಂಕಿಯ ಭಯ ಇಲ್ಲದಿದ್ದರೂ ಅದನ್ನು ದೂರ ಇಡಲು ಇಷ್ಟು ಸಾಕು.

ಸೀಲಿಂಗ್ ಫ್ಯಾನ್ ಆರಿಸಿ. ಕಿಟಕಿ ಮುಚ್ಚಿ. ಮೇಜನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಬಿಡಿ, ಎದ್ದ ಧೂಳು ಕೂರಲಿ. ಬೆಣ್ಣೆದೋಸೆ ತಿಂದು ಬಂದ ಕೈ ಎಷ್ಟು ತೊಳೆದರೂ ಗಾಜಿನ ಮಟ್ಟಿಗೆ ಎಣ್ಣೆಕೈಯೇ, ಕೈಗವಸು ಹಾಕಿಕೊಳ್ಳಿ.

ಕ್ರಮ ಹೀಗೆ: ನೋಡು, ತೊಳೆ, ಮತ್ತೆ ನೋಡು. ತೊಳೆಯುವ ಮೊದಲು ನೋಡುವುದು ಯಾಕೆಂದರೆ ಶುದ್ಧವಾಗಿರುವ ತುದಿಯನ್ನು ಮುಟ್ಟದೇ ಇರುವುದೇ ಅದಕ್ಕೆ ಮಾಡುವ ಉಪಕಾರ. ಫೈಬರ್ ಮೈಕ್ರೋಸ್ಕೋಪ್ ಇಲ್ಲದ ಕಾಲೇಜಿನವರು ಜೀವಶಾಸ್ತ್ರ ಲ್ಯಾಬಿನ ಮೈಕ್ರೋಸ್ಕೋಪನ್ನೇ ಬಳಸಬಹುದು: ಕನೆಕ್ಟರನ್ನು ತುದಿ ಮೇಲೆ ಬರುವಂತೆ ಸ್ಟೇಜಿನ ರಂಧ್ರದಲ್ಲಿ ಕ್ಲೇ ಇಟ್ಟು ನಿಲ್ಲಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಮಂದ ಬೆಳಕಿನ ಕಡೆ ಬಿಟ್ಟು, 10 ಪಟ್ಟಿನ ಆಬ್ಜೆಕ್ಟಿವ್ ಮತ್ತು 10 ಪಟ್ಟಿನ ಐಪೀಸಿನಲ್ಲಿ ನೋಡಿ. 100 ಪಟ್ಟಿನಲ್ಲಿ 50 ಮೈಕ್ರಾನಿನ ತಿರುಳು 5 ಮಿ.ಮೀ. ಬಟ್ಟಲಿನಂತೆ ಬೆಳಗುತ್ತದೆ. ಆಬ್ಜೆಕ್ಟಿವ್ ಇಳಿಸುವಾಗ ಪಕ್ಕದಿಂದ ನೋಡುತ್ತಾ ಇಳಿಸಿ, ಲೆನ್ಸ್ ತುದಿಗೆ ತಾಗಿದರೆ ಎರಡೂ ಕೆಟ್ಟವು. ಬೆಳಗುವ ವೃತ್ತದೊಳಗೆ ಗೀರು, ಚಕ್ಕೆ, ಕರಿಚುಕ್ಕೆ ಇರಬಾರದು. ವೃತ್ತದ ಆಚೆ, ಹೊರಗಾಜಿನಲ್ಲಿ ಒಂದು ಸಣ್ಣ ಗೀರಿದ್ದರೆ ನಡೆಯುತ್ತದೆ.

ಕೊಳೆ ಕಂಡರೆ ಮೊದಲು ಕ್ಲಿಕ್ ಪೆನ್: ನೇರ ಒತ್ತಿ, ಕ್ಲಿಕ್ ಅನ್ನುವವರೆಗೆ, ಒಂದೇ ಸಲ. ಹೋಗದಿದ್ದರೆ ಒದ್ದೆ ಒರೆಸು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮೂಲೆಗೆ ಒಂದೇ ಹನಿ ಆಲ್ಕೋಹಾಲ್ ಬಿಟ್ಟು, ಮೇಜಿನ ಮೇಲೆ ಹಾಸಿ. ಕನೆಕ್ಟರನ್ನು ನೆಟ್ಟಗೆ ಹಿಡಿದು ಒದ್ದೆ ಜಾಗದಿಂದ ಒಣ ಜಾಗಕ್ಕೆ 2–3 ಸೆಂ.ಮೀ. ಒಂದೇ ದಿಕ್ಕಿಗೆ ಎಳೆಯಿರಿ. ಕೈಬರಹದ ಒತ್ತು ಸಾಕು. ಸುತ್ತು ಹಾಕಬೇಡಿ, ಹಿಂದೆಮುಂದೆ ಉಜ್ಜಬೇಡಿ. ಒಮ್ಮೆ ಎಳೆದ ಕೊಳೆ ಮತ್ತೆ ತುದಿಯ ಕೆಳಗೆ ಸಿಕ್ಕಿ ಗೀರುತ್ತದೆ. ಅದೇ ಜಾಗಕ್ಕೆ ಎರಡನೇ ಸಲ ತುದಿ ತಾಗಿಸಬೇಡಿ. ಬಾಟಲಿಗೇ ತುದಿ ಅದ್ದುವವರಿದ್ದಾರೆ. ಹಾಗೆ ಮಾಡಿದರೆ ಬಾಟಲಿಯೂ ಕೆಟ್ಟಿತು, ಫೆರೂಲಿನ (ತುದಿಯಲ್ಲಿ ಎಳೆಯನ್ನು ಹಿಡಿದಿರುವ ಕೊಳವೆ) ಸಂದಿಗೆ ಇಳಿದ ದ್ರವ ಆಮೇಲೆ ನಿಧಾನವಾಗಿ ಒಸರಿ ಕಲೆ ಮಾಡುತ್ತದೆ. ಮೂರು ಸಲ ತೊಳೆದರೂ ಕಲೆ ಅದೇ ಜಾಗದಲ್ಲಿದ್ದರೆ ಅದು ಕೊಳೆಯಲ್ಲ, ಗೀರು. ನಿಲ್ಲಿಸಿ.

ಬಾಯಲ್ಲಿ ಊದಬಾರದು, ಎಂಜಲಿನ ಹನಿ ಕೂರುತ್ತದೆ. ರಬ್ಬರ್ ಬಲ್ಬಿನ ಬ್ಲೋಯರ್ ಸಾಕು. ಗಾಳಿ ಡಬ್ಬಿ ಇದ್ದರೆ ನೆಟ್ಟಗೆ ಹಿಡಿಯಿರಿ, ವಾಲಿಸಿದರೆ ಒಳಗಿನ ದ್ರವ ಹಾರಿ ತುದಿಗೆ ಮೆತ್ತುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯೂ ನೀರೂ ಇರುತ್ತವೆ, ಅದರ ಯೋಚನೆಯೇ ಬೇಡ.

ತುದಿ ಶುದ್ಧ ಮಾಡಿ ಕೊಳಕು ಅಡಾಪ್ಟರಿಗೆ ಸಿಕ್ಕಿಸಿದರೆ ಎಲ್ಲ ಶ್ರಮ ನೀರುಪಾಲು. ಅಡಾಪ್ಟರಿನ ಒಳಗನ್ನು ಕಡ್ಡಿಯಿಂದ ಒಂದು ಸುತ್ತು ಒರೆಸಿ ಕಡ್ಡಿ ಬಿಸಾಡಿ. ಆಮೇಲೆ ಜನ ಮರೆಯುವ ಜಾಗ, ಪ್ಲಾಸ್ಟಿಕ್ ಮುಚ್ಚಳ. ಅದರೊಳಗೆ ಅಚ್ಚಿನ ಎಣ್ಣೆ, ಜೇಬಿನ ನೂಲು, ತಿಂಗಳುಗಳ ಧೂಳು ಇರುತ್ತದೆ. ಮುಚ್ಚಳವನ್ನೂ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ. ಫೈಬರ್ ಬಳಕೆಯಲ್ಲಿರುವಾಗ ಮುಚ್ಚಳಗಳು ಜಿಪ್ ಕವರಿನಲ್ಲಿರಲಿ, ಅಂಗಿಯ ಜೇಬಿನಲ್ಲಲ್ಲ.

ಸಿಕ್ಕಿಸುವಾಗ ಎಫ್‌ಸಿ ಕನೆಕ್ಟರಿನ ಸಣ್ಣ ಗಟ್ಟಿಯನ್ನು ಅಡಾಪ್ಟರಿನ ಕಚ್ಚಿಗೆ ಕೂಡಿಸಿದ ಮೇಲೆ ನಟ್ ತಿರುಗಿಸಿ, ಬೆರಳಿನ ಬಿಗಿ ಸಾಕು. ಎಸ್‌ಎಂಎ ಕನೆಕ್ಟರಿಗೆ ಆ ಗಟ್ಟಿ ಇಲ್ಲ, ನಟ್ ಜೊತೆ ಫೈಬರೂ ಸುತ್ತಬಹುದು. ಒಂದು ಕೈಯಲ್ಲಿ ಹಿಂಭಾಗ ಹಿಡಿದುಕೊಂಡೇ ಬಿಗಿಮಾಡಿ. ಸ್ಪ್ಯಾನರ್, ಕಟಿಂಗ್ ಪ್ಲೇಯರ್ ದೂರವಿರಲಿ.

ಊರಿನ ಓಎಫ್‌ಸಿ (ಫೈಬರ್ ಕೇಬಲ್) ಕೆಲಸದವರಲ್ಲಿ ಕ್ಲಿಕ್ ಪೆನ್, ಮೈಕ್ರೋಸ್ಕೋಪ್ ಇರುತ್ತವೆ, ಕೈಪಳಗಿರುತ್ತದೆ. ತುದಿ ತೋರಿಸಿಕೊಂಡು ಬರಬಹುದು. ಆದರೆ ಅವರ ಪವರ್ ಮೀಟರ್ 1310, 1550 ನ್ಯಾನೋಮೀಟರಿಗೆ ಮಾಡಿದ್ದು, ಕಣ್ಣಿಗೆ ಕಾಣುವ ಬೆಳಕಿನ ಮಟ್ಟಿಗೆ ಕುರುಡು. ‘ಲಾಸ್ ಏನೂ ಇಲ್ಲ ಸಾರ್’ ಎಂದರೆ ಅದು ನಮ್ಮ ನಕ್ಷತ್ರಕ್ಕೆ ಅನ್ವಯಿಸುವ ಮಾತಲ್ಲ.

ಹಗಲಲ್ಲೇ ಪರೀಕ್ಷೆ

ಇಡೀ ಸರಪಳಿ ಸರಿಯಿದೆಯೇ ಎಂದು ನೋಡಲು ನಕ್ಷತ್ರ ಬೇಕಿಲ್ಲ. ಟೆಲಿಸ್ಕೋಪಿಗೆ ಕೂಡಿಸದ ಫೈಬರ್ ತುದಿಯನ್ನು ಸೂರ್ಯನಿಗೆ ಬೆನ್ನು ಮಾಡಿ ನೀಲಿ ಆಕಾಶದ ಕಡೆ ಹಿಡಿದು ರೋಹಿತ ತೆಗೆಯಿರಿ. ಬರುವುದು ಸೂರ್ಯನದೇ ರೋಹಿತ: ಸೋಡಿಯಂನ 589.0 ಮತ್ತು 589.6ರ ಜೋಡಿ, ಮೆಗ್ನೀಸಿಯಂನ 516.7, 517.3, 518.4, ಜಲಜನಕದ 486.1 ಮತ್ತು 656.3, ನಮ್ಮದೇ ಗಾಳಿಯ ಆಮ್ಲಜನಕದ 687ರ ಪಟ್ಟೆ. ಸೋಡಿಯಂ ಗೆರೆ ಎರಡಾಗಿ ಬಿಡಿಸಿಕೊಳ್ಳಬಲ್ಲ ಉಪಕರಣದಲ್ಲಿ ಇವತ್ತು ಒಂದೇ ಆಗಿ ಕಂಡರೆ ಸ್ಪೆಕ್ಟ್ರೋಗ್ರಾಫಿನ ಫೋಕಸ್ ತಪ್ಪಿದೆ ಎಂದರ್ಥ, ಅಥವಾ ಫೈಬರ್ ತುದಿ ತನ್ನ ಆಸನದಲ್ಲಿ ಪೂರಾ ಕೂತಿಲ್ಲ.

ಇನ್ನೊಂದು ಅಳತೆ: 12 ವೋಲ್ಟ್ ಹ್ಯಾಲೊಜನ್ ಬಲ್ಬನ್ನು ಒಂದು ಡಬ್ಬಿಯೊಳಗೆ ಕೂರಿಸಿ, ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ, ಪ್ರತಿ ಸಲವೂ ಅದೇ ದೂರ, ಅದೇ ಎಕ್ಸ್‌ಪೋಶರಿನಲ್ಲಿ ಕ್ಯಾಮೆರಾದ ಎಣಿಕೆ (ಬಿದ್ದ ಬೆಳಕಿಗೆ ಅದು ಕೊಡುವ ಅಂಕಿ) ಬರೆದಿಡಿ. ಬಲ್ಬ್ ಹಚ್ಚಿ ಹತ್ತು ನಿಮಿಷ ಕಾದು ಅಳೆಯಿರಿ. ಬಲ್ಬ್ ಬಿಸಿಯಿದ್ದಾಗ ಮುಟ್ಟಬೇಡಿ, ಪೇಪರನ್ನು ಅದಕ್ಕೆ ತಾಗದಂತೆ ದೂರ ಕಟ್ಟಿ. ಹೊಸ ಫೈಬರಿನ ಎಣಿಕೆ 20,000 ಇದ್ದದ್ದು ಮುಂದೊಂದು ದಿನ 16,000ಕ್ಕೆ ಇಳಿದರೆ ತುದಿ ನೋಡುವ ಹೊತ್ತು ಬಂತು. ಗಾಜಿನ ಪ್ರತಿ ಮುಖದಲ್ಲೂ ಸುಮಾರು 4 ಶೇಕಡಾ ಬೆಳಕು ಪ್ರತಿಫಲಿಸಿಯೇ ಹೋಗುತ್ತದೆ, ಅದು ಕೊಳೆಯಿಂದ ಆದ ನಷ್ಟವಲ್ಲ.

ಕೇಬಲ್ ಹಾಸುವುದು

3 ಮಿ.ಮೀ. ಹೊದಿಕೆಯ ಕೇಬಲ್ಲನ್ನು 6 ಸೆಂ.ಮೀ. ತ್ರಿಜ್ಯಕ್ಕಿಂತ ಕಿರಿದಾಗಿ ಎಲ್ಲೂ ಬಗ್ಗಿಸಬೇಡಿ. ಸುರುಳಿ ಸುತ್ತಿಡುವಾಗ ಊಟದ ತಟ್ಟೆಯಷ್ಟು ಅಗಲ ಇರಲಿ. ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದರೆ ಒಳಗಿನ ಎಳೆ ಅಲ್ಲಲ್ಲಿ ಹಿಂಡಿಕೊಂಡು ಬೆಳಕು ಹರಡುತ್ತದೆ, ವೆಲ್ಕ್ರೋ ಪಟ್ಟಿ ಸಡಿಲವಾಗಿ ಸುತ್ತಿದರೆ ಸಾಕು. ಫೈಬರ್ ಹೆಡ್ಡಿನಿಂದ ಒಂದು ಗೇಣು ಹಿಂದೆ ಕೇಬಲ್ಲನ್ನು ಕೊಳವೆಗೆ ಕಟ್ಟಿ, ಎಳೆತ ಕನೆಕ್ಟರಿಗೆ ಹೋಗದಂತೆ. ಅಲ್ಲಿಂದ ಮೌಂಟಿನ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಆಸರೆ) ಧ್ರುವಾಕ್ಷದ, ಅಂದರೆ ಆಕಾಶದ ಧ್ರುವದ ಕಡೆ ಮುಖಮಾಡಿದ ಅಚ್ಚಿನ, ಹತ್ತಿರ ತಂದು, ದೊಡ್ಡ ಒಂದು ಸುತ್ತು ಸಡಿಲ ಬಿಟ್ಟು ಕೆಳಗಿಳಿಸಿ. ಮುಚ್ಚಳ ಹಾಕಿಕೊಂಡೇ ಟೆಲಿಸ್ಕೋಪನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಲ್ಲ ಕಡೆ ನಿಧಾನ ತಿರುಗಿಸಿ ನೋಡಿ. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಧ್ರುವಾಕ್ಷ ನೆಲಕ್ಕೆ ಬಹಳ ತಗ್ಗಾಗಿ ಮಲಗಿರುತ್ತದೆ, ಕೌಂಟರ್‌ವೇಟಿನ ದಂಡ ಟ್ರೈಪಾಡ್ ಕಾಲಿಗೆ ಹತ್ತಿರ ಬರುತ್ತದೆ. ಕೇಬಲ್ ಆ ಸಂದಿಯಲ್ಲಿ ಸಿಕ್ಕಿದರೆ ಮೋಟಾರ್ ಅದನ್ನು ಕತ್ತರಿಯ ಹಾಗೆ ಕತ್ತರಿಸಿಬಿಡುತ್ತದೆ.

ನೆಲದ ಮೇಲಿನ ಭಾಗಕ್ಕೆ ಎಲೆಕ್ಟ್ರಿಕಲ್ ಅಂಗಡಿಯ 25 ಮಿ.ಮೀ. ಫ್ಲೆಕ್ಸಿಬಲ್ ಪಿವಿಸಿ ಪೈಪ್ ಒಳ್ಳೆಯದು. ತುಳಿತ, ಇಲಿ ಎರಡರಿಂದಲೂ ಕಾಯುತ್ತದೆ. ಪೈಪಿನೊಳಗೆ ಮೊದಲು ಬಟ್ಟೆ ಎಳೆದು ಸ್ವಚ್ಛ ಮಾಡಿ, ಕನೆಕ್ಟರಿಗೆ ಮುಚ್ಚಳ, ಅದರ ಮೇಲೆ ಜಿಪ್ ಕವರ್, ಅದರ ಮೇಲೆ ಟೇಪ್ ಸುತ್ತಿ, ದಾರವನ್ನು ಕೇಬಲ್ಲಿನ ಹೊದಿಕೆಗೆ ಕಟ್ಟಿ ಎಳೆಯಿರಿ. ಕನೆಕ್ಟರಿಗೆ ದಾರ ಕಟ್ಟಿದರೆ ತುದಿ ಕಿತ್ತು ಕೈಗೆ ಬರುತ್ತದೆ. ಚಿತ್ರದುರ್ಗದ ಕಲ್ಲುಬಯಲಿನಲ್ಲಿ ರಾತ್ರಿ ಪೈಪ್ ಎತ್ತುವ ಮುನ್ನ ಟಾರ್ಚ್ ಬಿಡಿ, ಚೇಳು ಅದರಡಿ ಬೆಚ್ಚಗೆ ಮಲಗಿರುತ್ತದೆ.

ಲೋಹದ ಕವಚವಿಲ್ಲದ ಫೈಬರಿನಲ್ಲಿ ಕರೆಂಟು ಹರಿಯದು. ಹಾಗಂತ ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆ ಬಯಲಲ್ಲಿ ಟ್ರೈಪಾಡ್ ಪಕ್ಕ ನಿಲ್ಲುವುದಲ್ಲ. ದೂರದಲ್ಲಿ ಮಿಂಚು ಕಂಡ ಕೂಡಲೇ ಎಲ್ಲ ಬಿಟ್ಟು ಒಳಗೆ ಹೋಗಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಕೇಬಲ್ ಬಿಡಬೇಡಿ. ಕಾವಿಗೆ ಪ್ಲಾಸ್ಟಿಕ್ ಹೊದಿಕೆ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ, ಎಳೆ ಒಳಗೇ ಸೊಟ್ಟಗಾಗುತ್ತದೆ.

ಜಾಗ ಮತ್ತು ರಾತ್ರಿ

ಬಂಡೆಗಳ ಮೇಲೆ ಟೆಲಿಸ್ಕೋಪ್ ಇಡುವ ಆಸೆ ಚಿತ್ರದುರ್ಗದಲ್ಲಿ ಯಾರಿಗೂ ಬರುತ್ತದೆ. ಆದರೆ ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೂ ಗಂಟೆಗಟ್ಟಲೆ ಬಿಸಿ ಬಿಡುತ್ತಿರುತ್ತದೆ, ಬಿಂಬ ಕುದಿಯುತ್ತದೆ, 5 ಆರ್ಕ್‌ಸೆಕೆಂಡಿನ ಫೈಬರಿನಲ್ಲಿ ಅರ್ಧ ಬೆಳಕು ಆಚೆ ಬೀಳುತ್ತದೆ. ಹುಲ್ಲುನೆಲ ಲೇಸು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಜೋಗಿಮಟ್ಟಿ ಅರಣ್ಯ ಇಲಾಖೆಯದು, ಅನುಮತಿ ಇಲ್ಲದೆ ರಾತ್ರಿ ಅಲ್ಲಿಗೆ ಹೋಗುವ ಮಾತಿಲ್ಲ. ದಾವಣಗೆರೆ ಕಡೆ ಭದ್ರಾ ನಾಲೆಯ ಗದ್ದೆಬಯಲಿನಲ್ಲಿ ಇಬ್ಬನಿ ಬೇಗ ಇಳಿಯುತ್ತದೆ. ಬೆಚ್ಚಗಿನ ಪೆಟ್ಟಿಗೆಯನ್ನು ತಂದ ಕೂಡಲೇ ತುದಿಯ ಮುಚ್ಚಳ ತೆಗೆಯದೆ ಅರ್ಧ ಗಂಟೆ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಬಿಡಿ. ಸ್ಪೆಕ್ಟ್ರೋಗ್ರಾಫನ್ನು ಥರ್ಮೊಕೋಲ್ ಹಾಸಿದ ಪೆಟ್ಟಿಗೆಯಲ್ಲಿಟ್ಟು ಒಂದೆರಡು ಗಂಟೆ ಮೊದಲೇ ಚಾಲು ಮಾಡಿ. ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕುವುದಾದರೆ ಬಟ್ಟೆ ಚೀಲದಲ್ಲಿ ಕಟ್ಟಿಹಾಕಿ, ಮಣಿಗಳು ಒಂದಕ್ಕೊಂದು ಉಜ್ಜಿ ಪುಡಿ ಬಿಡುತ್ತವೆ.

ಮುಚ್ಚಳ ತೆಗೆದು ಫೈಬರ್ ಕೂಡಿಸುವ ಕೆಲಸ ಸೂರ್ಯ ಮುಳುಗುವ ಮುನ್ನವೇ, ಗಾಳಿಗೆ ಬೆನ್ನು ಕೊಟ್ಟು, ಒಂದೇ ಸಲ. ಮುಳುಗಿದ ಮೇಲೆ ಪೂರಾ ಕತ್ತಲಾಗಲು ಸುಮಾರು ಒಂದೂಕಾಲು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಸ್ಪೆಕ್ಟ್ರೋಗ್ರಾಫ್ ಕಡೆಯಿಂದ ಕೆಂಪು ಎಲ್‌ಇಡಿ ಬಿಟ್ಟು, ಗೈಡ್ ಕ್ಯಾಮೆರಾದಲ್ಲಿ (ತೂತಿರುವ ಕನ್ನಡಿಯ ಮೇಲೆ ಬಿದ್ದ ಬಿಂಬವನ್ನು ತೋರಿಸುವ ಕ್ಯಾಮೆರಾ) ಫೈಬರ್ ತೂತು ಬೆಳಗುವ ಜಾಗವನ್ನು ಗುರುತು ಹಾಕಿಕೊಳ್ಳಿ. ಎಲ್‌ಇಡಿ ಆರಿಸಿ, ಮೊದಲ ಪ್ರಖರ ನಕ್ಷತ್ರವನ್ನು ಆ ಗುರುತಿಗೆ ತನ್ನಿ. ಚಳಿಗಾಲದಲ್ಲಿ ರೋಹಿಣಿ ಅಥವಾ ಲುಬ್ಧಕ ಅನುಕೂಲ. ನಕ್ಷತ್ರ ತೂತಿನಲ್ಲಿ ಸರಿಯಾಗಿ ಬಿದ್ದರೆ ತೂತಿನ ಸುತ್ತಲಿನ ಕನ್ನಡಿಯ ಮೇಲೆ ಅದು ಬಹುತೇಕ ಮಾಯವಾಗಿ, ಸುತ್ತ ಒಂದು ಮಸುಕು ಬಳೆ ಮಾತ್ರ ಉಳಿಯುತ್ತದೆ. ಬಳೆ ಒಂದು ಕಡೆ ದಪ್ಪ ಇದ್ದರೆ ಆ ಕಡೆಗೆ ಸರಿದಿದೆ ಎಂದರ್ಥ. ಇಲ್ಲಿಂದ ಮುಂದೆ ಫೋಕಸನ್ನು ಬಿಂಬ ನೋಡಿ ಹೊಂದಿಸಬೇಡಿ, ರೋಹಿತದ ಎಣಿಕೆ ನೋಡಿ ಹೊಂದಿಸಿ.

ಎಣಿಕೆ ಎಲ್ಲ ಬಣ್ಣದಲ್ಲೂ ಸಮವಾಗಿ ಕಡಿಮೆ ಬಂದರೆ ಫೋಕಸ್ ಅಥವಾ ಕನೆಕ್ಟರ್. ನೀಲಿ ಮಾತ್ರ ಕಡಿಮೆಯಾದರೆ ನಕ್ಷತ್ರ ಎಷ್ಟು ಎತ್ತರದಲ್ಲಿದೆ ನೋಡಿ. ಅಗಸ್ತ್ಯ ನಮ್ಮಲ್ಲಿ ಏರುವುದೇ ಹೆಚ್ಚೆಂದರೆ 23 ಡಿಗ್ರಿ. ಅಷ್ಟು ತಗ್ಗಿನಲ್ಲಿ ಗಾಳಿಯೇ ಪಟ್ಟಕದಂತೆ ವರ್ತಿಸಿ 400 ಮತ್ತು 700 ನ್ಯಾನೋಮೀಟರಿನ ಬಿಂಬಗಳನ್ನು ಸುಮಾರು 3 ಆರ್ಕ್‌ಸೆಕೆಂಡ್ ದೂರ ಸರಿಸುತ್ತದೆ. ಕೆಂಪನ್ನು ತೂತಿಗೆ ತಂದರೆ ನೀಲಿ ಅಂಚಿಗೆ ಹೋಗುತ್ತದೆ. ಫೈಬರನ್ನು ಬೈಯುವ ಮೊದಲು ಎತ್ತರದ ನಕ್ಷತ್ರವೊಂದಕ್ಕೆ ತಿರುಗಿಸಿ ಹೋಲಿಸಿ. ಟೆಲಿಸ್ಕೋಪ್ ತಿರುಗಿದಂತೆ ಎಣಿಕೆ ಏರಿಳಿದರೆ ಕೇಬಲ್ ಎಲ್ಲೋ ಬಿಗಿಯಾಗಿದೆ. ರೋಹಿತದ ಮೇಲೆ ಸಣ್ಣ ಅಲೆಗಳು ಕಂಡು, ಕೇಬಲ್ ಮುಟ್ಟಿದರೆ ಅವು ಜಾಗ ಬದಲಿಸಿದರೆ, ಅದು ಫೈಬರಿನೊಳಗೆ ಬೆಳಕು ಹತ್ತಾರು ದಾರಿ ಹಿಡಿದು ಒಂದರೊಡನೊಂದು ಕೂಡಿ ಆಗುವ ಗದ್ದಲ. ಎಕ್ಸ್‌ಪೋಶರ್ ಉದ್ದಕ್ಕೂ ಸಡಿಲ ಸುತ್ತನ್ನು ಮೆಲ್ಲಗೆ ಅಲುಗಿಸುತ್ತಿದ್ದರೆ ಸಮವಾಗುತ್ತದೆ. ಟೆಲಿಸ್ಕೋಪಿಗೆ ಮುಚ್ಚಳ ಹಾಕಿದ್ದರೂ ಬೆಳಕು ಬರುತ್ತಿದ್ದರೆ ಯಾವುದೋ ಕೀಲಿನಲ್ಲಿ ಸೋರುತ್ತಿದೆ. ಎಕ್ಸ್‌ಪೋಶರ್ ಓಡುವಾಗ ಒಂದೊಂದೇ ಕೀಲಿನ ಹತ್ತಿರ ಟಾರ್ಚ್ ಹಿಡಿದು ಹುಡುಕಿ, ಸಿಕ್ಕಿದ ಜಾಗಕ್ಕೆ ಕಪ್ಪು ಬಟ್ಟೆ ಸುತ್ತಿ. ಇದ್ದಕ್ಕಿದ್ದಂತೆ ಬೆಳಕು ಪೂರಾ ನಿಂತರೆ ತುದಿ ಬಿಚ್ಚಲು ಕೈ ತುರಿಸುತ್ತದೆ. ಮೊದಲು ಹಿಂದಿನಿಂದ ಎಲ್‌ಇಡಿ ಬಿಟ್ಟು ನೋಡಿ. ತೂತು ಬೆಳಗಿದರೆ ಫೈಬರ್ ಸರಿಯಿದೆ, ನಕ್ಷತ್ರ ಜಾರಿದೆ ಅಷ್ಟೆ.

ಮುಗಿದ ಮೇಲೆ ಟೆಲಿಸ್ಕೋಪ್ ಕಡೆಯ ತುದಿಗೆ ಮೊದಲು ಮುಚ್ಚಳ, ಆಮೇಲೆ ಇನ್ನೊಂದಕ್ಕೆ. ಕೇಬಲ್ ಒದ್ದೆಯಿದ್ದರೆ ಒಣಬಟ್ಟೆಯಲ್ಲಿ ಹೊದಿಕೆ ಒರೆಸಿ, ಎಂಟರ ಆಕಾರದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಒಂದೇ ದಿಕ್ಕಿಗೆ ಸುತ್ತಿದರೆ ಮುಂದಿನ ಸಲ ಬಿಚ್ಚುವಾಗ ತಿರುಚಿಕೊಳ್ಳುತ್ತದೆ. ಡಬ್ಬಿಯ ಮೇಲೆ ತಾರೀಖು, ಹ್ಯಾಲೊಜನ್ ಎಣಿಕೆ, ಯಾವ ತುದಿ ಟೆಲಿಸ್ಕೋಪಿನದು ಎಂದು ಬರೆದು ಅಂಟಿಸಿ. ಎರಡು ತುದಿ ಅದಲುಬದಲು ಆದರೆ ಹಳೆಯ ಎಣಿಕೆಗೂ ಹೊಸದಕ್ಕೂ ತಾಳೆಯಾಗುವುದಿಲ್ಲ.